ಎಣಿಸುವಾಗ ಏಳಬಾರದು

ಗುಬ್ಬಿಯ ಗುರುಸಿದ್ದಯ್ಯ ಓದಿದ್ದು ನಾಲ್ಕನೇ ಕ್ಲಾಸು. ಆದರೂ ತುಮಕೂರಿನ ಬಟವಾಡಿ ಬಡಾವಣೆಯಲ್ಲಿ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು, ಕೆಲವರು ಗೌರವಕ್ಕೆ, ಉಳಿದವರು ಅಣಕಕ್ಕೆ. ಎರಡಕ್ಕೂ ಓಗೊಡುತ್ತಿದ್ದ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅಲ್ಲಿ ತಗಡಿನ ಶೆಡ್ಡು ಹಾಕಿ, ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ ಹಿಡಿದ. ಕೈಕೆಳಗೆ ಸೇರಿದವರೆಲ್ಲ ಶಾಲೆಗೆ ಬೆನ್ನು ತಿರುಗಿಸಿ ಬಂದ ಹುಡುಗ ಹುಡುಗಿಯರು. ಬೆಳಿಗ್ಗೆ ತಂತಿ ಸುತ್ತುವುದು, ಉಂಡ ಮೇಲೆ ಎರಡು ಗಂಟೆ ಪಾಠ. ಹಳೆಯ ಪಠ್ಯಪುಸ್ತಕ ಹರಡಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು, ಅವರ ಜೊತೆಗೇ ತಾನೂ ಕಲಿತ. ತಿಳಿಯದ್ದನ್ನು ತಿಳಿಯದು ಎಂದೇ ಹೇಳಿ, ಸಂಜೆ ಸೈಕಲ್ ಹತ್ತಿ ತಿಳಿದವರ ಮನೆ ಬಾಗಿಲು ಬಡಿಯುತ್ತಿದ್ದ.

"ಫೇಲಾದೋರ ಮಠ" ಎಂದು ಬೀದಿಯವರು ನಕ್ಕರು.

"ಮಠ ಅಂದ್ರಲ್ಲ, ಅಷ್ಟು ಸಾಕು ಬುಡು" ಎಂದ.

ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಕಟ್ಟಳೆ. ತಂತಿಯ ಸುತ್ತು ಎಣಿಸುತ್ತಿರುವವರು ಎಣಿಕೆ ಮುಗಿಯುವ ತನಕ ಮಾತಾಡಬಾರದು, ಏಳಬಾರದು. ಯಾರೇ ಬರಲಿ. ಲೆಕ್ಕ ತಪ್ಪಿದರೆ ಮೋಟರು ಮತ್ತೆ ಸುಡುತ್ತದೆ, ಅದನ್ನು ಒಯ್ದ ರೈತ ಮತ್ತೆ ಗಾಡಿ ಕಟ್ಟಿಕೊಂಡು ಬರಬೇಕಾಗುತ್ತದೆ.

ಎಂಬತ್ತಮೂರರಲ್ಲಿ ಅಲ್ಲಿದ್ದ ಪುಟ್ಟಗಂಗಮ್ಮನಿಗೆ ಹದಿನೇಳು ವರ್ಷ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುವ ಹಟ. ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಶಾಲೆಗೆ ಹೋಗದವರು ಪರೀಕ್ಷೆಗೆ ಕೂರಬೇಕಾದರೆ ಅರ್ಜಿಯ ಮೇಲೆ ಯಾವುದಾದರೂ ಹೈಸ್ಕೂಲಿನ ಹೆಡ್‌ಮಾಸ್ಟರ ರುಜು, ಮೊಹರು ಬೀಳಬೇಕು. ಶನಿವಾರ ಕೊನೆಯ ದಿನ. ಗುರುಸಿದ್ದಯ್ಯ ಹೋಗಿ ಕೇಳಿದಾಗ, ಲಕ್ಷ್ಮೀನರಸಿಂಹಯ್ಯ ಎಂಬ ಹೆಡ್‌ಮಾಸ್ಟರು "ಅದೆಂಥ ಪಾಠವೋ ಕಣ್ಣಾರೆ ನೋಡಿ ಹಾಕ್ತೀನಿ" ಎಂದು ಗುರುವಾರ ಶೆಡ್ಡಿಗೇ ಬಂದರು.

ಉಳಿದವರೆಲ್ಲ ಎದ್ದು ನಿಂತರು. ಪುಟ್ಟಗಂಗಮ್ಮ ಏಳಲಿಲ್ಲ. ಅವಳ ತುಟಿ ಆಡುತ್ತಿತ್ತು, ಕೈ ತಿರುಗುತ್ತಿತ್ತು.

"ಏನಮ್ಮಾ, ಕಾಲಿಗೇನಾದ್ರೂ ಆಗಿದೆಯಾ?"

ಅವಳು ಎಣಿಸುತ್ತಲೇ ಇದ್ದಳು. ಎಪ್ಪತ್ತೆರಡಕ್ಕೆ ಎಣಿಕೆ ಮುಗಿಯಿತು. ತಂತಿಗೆ ದಾರ ಬಿಗಿದು, ಸ್ಲೇಟಿನಲ್ಲಿ ಅಂಕಿ ಬರೆದಿಟ್ಟು, ಆಮೇಲೆ ಎದ್ದು ಕೈ ಮುಗಿದಳು.

"ಈಗ ಕಾಣಿಸಿದ್ನಾ ನಾನು?"

"ಆಗ್ಲೇ ಕಾಣಿಸಿದ್ರಿ ಸ್ವಾಮಿ. ಸುತ್ತು ಎಣಿಸ್ತಿದ್ದೆ."

"ದುರಹಂಕಾರ! ತಪ್ಪಾಯ್ತು ಅನ್ನು, ರುಜು ಹಾಕ್ತೀನಿ." ಪೆನ್ನಿನ ಮುಚ್ಚಳ ತೆಗೆದರು.

ಗುರುಸಿದ್ದಯ್ಯನಿಗೆ ಶನಿವಾರ ಕಣ್ಣಮುಂದೆ ಬಂತು. "ಅಂದ್ಬುಡವ್ವ. ನಾಲಿಗೆ ಏನ್ ಸವ್ದೋಗಲ್ಲ."

ಅವಳು ಅವನತ್ತ ತಿರುಗಿದಳು. "ನೀವೇ ಹಿಂಗಂತೀರಾ ಅಣ್ಣ? ನಾನ್ ಮಾಡಿದ್ದು ತಪ್ಪು ಅನ್ನೋದಾದ್ರೆ, ನಾಳೆಯಿಂದ ದಾರೀಲಿ ಹೋಗೋರು ಇಣುಕಿದ್ರೂ ಎಣಿಕೆ ಬುಟ್ಟು ಏಳ್ಬೇಕಾಯ್ತದೆ." ಆಮೇಲೆ ಹೆಡ್‌ಮಾಸ್ಟರಿಗೆ ಹೇಳಿದಳು: "ಎಂಟನೇ ಕ್ಲಾಸಲ್ಲಿ, ಲೆಕ್ಕ ಬರಲ್ಲ ಅಂತ ಒಂದು ವರ್ಷ ನನ್ನ ನಿಲ್ಸೇ ಪಾಠ ಮಾಡಿದ್ರು ಸ್ವಾಮಿ. ಬರ್ಲಿಲ್ಲ. ಇಲ್ಲಿ ಕೂತ್ಕೊಂಡು ಕಲ್ತೆ. ತಪ್ಪಾಯ್ತು ಅನ್ನಲ್ಲ."

"ಹಾಗಾದ್ರೆ ತಂತೀನೇ ಸುತ್ಕೊಂಡಿರು." ಪೆನ್ನು ಜೇಬಿಗೆ ಹೋಯಿತು, ಹೆಡ್‌ಮಾಸ್ಟರು ಹೊರಗೆ ಹೋದರು.

"ತಪ್ಪಾಯ್ತು ಅನ್ಬೇಕಾದೋನು ನಾನು ಕಣವ್ವ" ಎಂದ ಗುರುಸಿದ್ದಯ್ಯ, ಅರ್ಜಿಯನ್ನು ಮಡಿಸಿ ಎದೆ ಜೇಬಿಗೆ ಇಟ್ಟುಕೊಂಡ.

ಲಕ್ಷ್ಮೀನರಸಿಂಹಯ್ಯ ಬೇಡವೆಂದದ್ದಕ್ಕೆ ತುಮಕೂರಲ್ಲಿ ಇನ್ಯಾರೂ ರುಜು ಹಾಕುವವರಲ್ಲ. ಶುಕ್ರವಾರ ಇಬ್ಬರೂ ಗುಬ್ಬಿಯಲ್ಲಿ ಎರಡು ಶಾಲೆ ಹತ್ತಿಳಿದರು. "ತುಮಕೂರಲ್ಲೇ ಕೇಳ್ಕೊಳ್ಳಿ" ಎಂದು ಎರಡೂ ಕಡೆ ಸಾಗಹಾಕಿದರು. ಶನಿವಾರ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೋದರು. ಅಲ್ಲಿನ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿ ಉಮಾಮಹೇಶ್ವರಿ ಅರ್ಜಿಯನ್ನು ಎರಡು ಸಲ ಓದಿದರು.

"ಪಾಠ ಯಾರು ಹೇಳಿದ್ದು?"

ಪುಟ್ಟಗಂಗಮ್ಮ ಗುರುಸಿದ್ದಯ್ಯನತ್ತ ಕೈ ತೋರಿಸಿದಳು.

"ನೀವೇನು ಓದಿದೀರಿ?"

"ನಾಲ್ಕು, ತಾಯಿ. ಇವ್ಳ ಜೊತೇಲಿ ಹತ್ತರವರ್ಗೂ ಬಂದಿದೀನಿ."

ಆಯಮ್ಮ ನಗಲಿಲ್ಲ. ಹಾಳೆಯೊಂದರಲ್ಲಿ ಬೀಜಗಣಿತದ ಲೆಕ್ಕ ಬರೆದುಕೊಟ್ಟು, ಕುರ್ಚಿ ಎಳೆದು "ಕೂತ್ಕೊಂಡು ಮಾಡಮ್ಮ" ಎಂದರು. ಮಾಡಿದಳು. ರುಜು ಬಿತ್ತು, ಮೊಹರು ಬಿತ್ತು. "ಅರ್ಜಿ ಇವತ್ತೇ ನಾನೇ ಕಳಿಸ್ತೀನಿ. ಪರೀಕ್ಷೆ ಇಲ್ಲಿಗೇ ಬಂದು ಬರೀಬೇಕು. ಆಗುತ್ತಾ?"

"ನಡ್ಕೊಂಡಾದ್ರೂ ಬರ್ತೀನಿ" ಎಂದಳು.

ಗುರುಸಿದ್ದಯ್ಯ ಬಾಗಿಲ ತನಕ ಹೋದವನು ತಿರುಗಿ ಬಂದ. "ಬರೋ ವರ್ಷಕ್ಕೆ ಇನ್ನೂ ನಾಲ್ಕು ಅರ್ಜಿ ತರ್ತೀನಿ ತಾಯಿ."

"ಅಷ್ಟು ಜನ ಇದಾರಾ?"

"ಫೇಲಾದೋರು ಬೇಕಾದಷ್ಟು ಅವ್ರೆ. ಆದ್ರೆ ಈಗ್ಲೇ ಹೇಳ್ಬುಡ್ತೀನಿ, ಎಲ್ಲಾ ಇವ್ಳಂಗೇ, ಎಣಿಸ್ತಿದ್ರೆ ಯಾರ್ ಬಂದ್ರೂ ಏಳಲ್ಲ."