ಅತ್ತೆಯವರ ಸೀಟಿನ ಬುಡಕ್ಕೆ

ನಮ್ಮ ಹಳೆಯ ವ್ಯಾನಿಗೆ ಮೂತಿ ಇಲ್ಲ. ಮೂತಿ ಇಲ್ಲದ ಗಾಡಿಗೆ ಎಂಜಿನ್ ಎಲ್ಲಿರುತ್ತದೆ ಎಂದು ನಾನು ವರ್ಷಗಟ್ಟಲೆ ಓಡಿಸಿಯೂ ವಿಚಾರಿಸಿರಲಿಲ್ಲ. ನಡೆಯುತ್ತಿರುವ ಸಂಸಾರದ ಬುಡವನ್ನು ಯಾರು ತಾನೆ ಕೆದಕುತ್ತಾರೆ?

ಕೆದಕುವ ಪ್ರಸಂಗ ಮುಗದ ಎಂಬ ಹಳ್ಳಿಯ ದಾರಿಯಲ್ಲಿ ಬಂತು. ಅಲ್ಲಿ ಹೆಂಡತಿಯ ತಂಗಿ, ಬಸುರಿಯಾದ ನಾದಿನಿಯ ಕುಬಸ, ಅಂದರೆ ಸೀಮಂತ. ತವರಿನ ಹಸಿರು ಸೀರೆ, ಬುತ್ತಿ ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಆ ಹುಡುಗಿ ಅತ್ತೆಮನೆಯವರ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು. ಎರಡೂ ಮುಂದೆ ನನ್ನ ಪಕ್ಕದ ಸೀಟಿನಲ್ಲಿದ್ದ ಅತ್ತೆಯ ತೊಡೆಯ ಮೇಲಿದ್ದವು, ಹೆಂಡತಿ ಹಿಂದೆ ಕೂತಿದ್ದಳು. ಧಾರವಾಡ ದಾಟಿದ ಮೇಲೆ ವ್ಯಾನು ಕೆಮ್ಮಿತು, ನಿಂತಿತು.

ಹಳೇ ಹುಬ್ಬಳ್ಳಿಯ ನಮ್ಮ ಮೆಕ್ಯಾನಿಕ್ ದಾದಾಪೀರನಿಗೆ ಫೋನ್ ಮಾಡಿದೆ.

"ಪೆಟ್ರೋಲ್ ಫಿಲ್ಟರ್‌ನ್ಯಾಗ ಕಸ ಕುಂತಿರಬೇಕ್ರಿ ಸಾಹೇಬ್ರ. ಸಣ್ಣ ಪ್ಲಾಸ್ಟಿಕ್ ಡಬ್ಬಿ. ಬಿಚ್ಚಿ ಊದ್ರಿ. ನಿಮ್ಮ ಗಾಡ್ಯಾಗ ಎಡಗಡೆ ಮುಂದಿನ ಸೀಟಿನ ಬುಡಕ ಐತಿ."

ಅಲ್ಲಿಗೆ ಗೊಂದಲ ಮುಗಿಯಬೇಕಿತ್ತು, ಅಲ್ಲಿಂದಲೇ ಶುರುವಾಯಿತು. ನಮ್ಮ ಅತ್ತೆ ಅಳಿಯನೊಡನೆ ಎದುರುಬದುರಾಗಿ ಮಾತನಾಡಿದವರಲ್ಲ. ಮೊಣಕಾಲು ನೋವು ಬೇರೆ. ಅಂಥವರಿಗೆ "ಏಳ್ರಿ, ನಿಮ್ಮ ಬುಡಕ ಒಂದು ಡಬ್ಬಿ ಐತಿ" ಎನ್ನುವುದು ಹೇಗೆ? ನೀನು ಹುಡುಕುವ ವಸ್ತು ನಿನ್ನೊಳಗೇ ಇದೆ ಎಂದು ವೇದಾಂತಿಗಳು ಹೇಳಿದ್ದಾರೆ. ಅದು ಅತ್ತೆಯ ಕೆಳಗಿದ್ದರೆ ಏನು ಮಾಡಬೇಕೆಂದು ಹೇಳಿಲ್ಲ.

ಹೀಗಾಗಿ ಇರುವ ಜಾಗ ಗೊತ್ತಿದ್ದೂ ಇಲ್ಲದ ಜಾಗದಲ್ಲೆಲ್ಲ ಹುಡುಕಿದೆ. ಸ್ಟೆಪ್ನಿ ಸರಿಸಿದೆ, ಗಾಡಿಯ ಕೆಳಗೆ ತೂರಿ ಹೊಸ ಅಂಗಿ ಮಾಸಿಕೊಂಡೆ. ದಾದಾಪೀರನಿಗೆ ಎಡಬಲ ತಪ್ಪಿರಬಹುದೆಂದು ನನ್ನ ಸೀಟನ್ನೂ ಎತ್ತಿದೆ. ಎಂದೋ ಕಳೆದಿದ್ದ, ನಟ್ಟು ಬಿಚ್ಚುವ ಪಾನಾ ಸಿಕ್ಕಿತು.

ಅಷ್ಟರಲ್ಲಿ ಹೆಂಡತಿಗೆ ನಾದಿನಿಯ ಫೋನು ಬಂತು. "ಎಲ್ಲಿದ್ದೀರಿ ಅಕ್ಕಾ? ಎಲ್ಲಾರೂ ಕೇಳಾಕತ್ತಾರ." ಆಗ ಅತ್ತೆ ಸೆರಗು ಸರಿಮಾಡಿಕೊಂಡು ಹಿಂದೆ ಕೂತ ಮಗಳಿಗೆ ಹೇಳಿದರು:

"ನಿನ್ನ ಗಂಡಗ ಕೇಳವಾ, ನಾ ಸ್ವಲ್ಪ ಇಳೀಲೇನು? ಆಗಿಂದ ಬುಡಕ ಒಲಿ ಹೊತ್ತಿದಂಗ ಸುಡಾಕತ್ತೈತಿ. ಅಳಿಯಾರ ಗಾಡಿಗೆ ಹ್ಯಾಂಗ ಹೆಸರಿಡೂದಂತ ಸುಮ್ಮ ಕುಂತೇನಿ."

ಇಳಿಸಿದೆವು. ಸೀಟು ಎತ್ತಿದರೆ ಕಾದ ಎಂಜಿನ್, ಅದರ ಮಗ್ಗುಲಲ್ಲೇ ಡಬ್ಬಿ ಇತ್ತು. ಬಿಚ್ಚಿ ಊದಿದೆ, ಬಾಯಿತುಂಬ ಪೆಟ್ರೋಲಿನ ರುಚಿ. ಸೀರೆ ಹೊತ್ತಿಗೆ ಸರಿಯಾಗಿ ಮುಟ್ಟಿತು, ನಾದಿನಿ ನಕ್ಕಳು. ಆದರೆ ಅಷ್ಟು ಹೊತ್ತು ಗಾಡಿ ನಿಂತಿದ್ದು ಫಿಲ್ಟರಿನ ಕಸದಿಂದಲೋ, ನಮ್ಮಿಬ್ಬರ ಮರ್ಯಾದೆಯಿಂದಲೋ, ನನಗೆ ಇನ್ನೂ ಬಗೆಹರಿದಿಲ್ಲ.

ಮರಳುವಾಗ ಅತ್ತೆ ಹಿಂದಿನ ಬಾಗಿಲ ಹತ್ತಿರ ನಿಂತರು. ಹತ್ತಲಿಲ್ಲ. ಮದುವೆಯಾದಾಗಿನಿಂದ ಮೊದಲ ಸಲ ನನ್ನ ಮುಖವನ್ನೇ ನೋಡಿ ಕೇಳಿದರು:

"ಅಳಿಯಾರ, ಈ ಸೀಟಿನ ಬುಡಕ ಏನೈತಿ? ಬೇಕಾದ್ದು ಈಗ ತಕ್ಕೊಂಡ್ ಬಿಡ್ರಿ, ಆಮ್ಯಾಲೆ ಕುಂದರತೇನಿ."