ಗಂಜಿ ಅಂಗಡಿಯ ಮುಂದಿನ ಮಣ್ಣು

ತಮಿಳು ಸೀಮೆಯ ಕಂಬಂನಲ್ಲಿ ಗಾಡಿ ಬಿಚ್ಚಿ, ವೀರಕ್ಕನ ಗಂಜಿ ಅಂಗಡಿಯ ಮುಂದೆ ಕೂತಿದ್ದೇನೆ. ಎದುರಿಗೆ ದೂರದೇಶದ ಇಬ್ಬರು: ಮಲೆಯ ಕಾಫಿತೋಟದಲ್ಲಿ ಬಡಗಿಯಾಗಿರುವ ಚೀನಾದವನು, ಬೀಸಣಿಗೆ ಮಾರಿಕೊಂಡು ಬಂದ ಜಪಾನಿನವನು.

"ಮೊಕ ನೋಡಿದ್ರೆ ಅಣ್ಣತಮ್ಮಂದ್ರು, ಸಾಮಿ. ಒಬ್ಬ ಆಡಿದ್ದು ಇನ್ನೊಬ್ಬನ್ಗೆ ತಿಳ್ಯಲ್ಲ," ಎಂದಳು ವೀರಕ್ಕ.

ನಿಜವೇ. ಮಾತಾಡಿ ಸೋತ ಬಡಗಿ ಕೊನೆಗೆ ಕಡ್ಡಿಯಿಂದ ಮಣ್ಣಿನ ಮೇಲೆ ಏನೋ ಬರೆದ. ಜಪಾನಿನವನು ಬಗ್ಗಿ ಓದಿ, ಅದರ ಪಕ್ಕದಲ್ಲೇ ಉತ್ತರ ಬರೆದ. ಬಡಗಿಯ ಕಣ್ಣು ತುಂಬಿತು. ಆಮೇಲೆ ಇಬ್ಬರೂ ತುಟಿ ಪಿಟಕ್ಕೆನ್ನದೆ ಅಂಗಳದ ತುಂಬ ಬರೆದರು. ನಾಲಿಗೆ ಬೇರೆ, ಅಕ್ಷರ ಒಂದೇ! ಇವರನ್ನು ಒಂದೇ ಬಳ್ಳಿಯವರೆನ್ನಲೋ, ಬೇರೆಯವರೆನ್ನಲೋ? ನನಗಂತೂ ತಲೆ ಕೆಟ್ಟುಹೋಯಿತು.

ವೀರಕ್ಕನ ಮನೆಮಾತು ತಮಿಳು ಬೆರೆತ ಕನ್ನಡ. ಮೈಸೂರಿನವನಾದ ನನಗೆ ಅದರಲ್ಲಿ ಅರ್ಧ ತಿಳಿದೀತು.

"ನಮ್ಮನೆ ಮಾತ್ನೂ ಹಿಂಗೆ ಬರ್ಯಕಾಯ್ತದಾ, ಸಾಮಿ?" ಎಂದು ಕೇಳಿದಳು.

ಆ ಕಡ್ಡಿಯನ್ನೇ ತೆಗೆದುಕೊಂಡು, ಅವರ ಬರಹದ ಪಕ್ಕದಲ್ಲಿ ಅವಳ ಹೆಸರನ್ನು ಕನ್ನಡದಲ್ಲಿ ಬರೆದೆ. ವೀರಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಬಡಗಿಯ ಕಡೆ ತಿರುಗಿ, "ಇದ್ನೂ ಒಸಿ ಓದಿ ಹೇಳಪ್ಪ," ಎಂದಳು.