ತೊರಕೆಯ ಮುಳ್ಳು, ವ್ಯಾನಿನ ಬ್ರೇಕು

ನನ್ನ ಗಂಡನ ಬಲಗಾಲಿಗೆ ತೊರಕೆ ಮೀನಿನ ಮುಳ್ಳು ಚುಚ್ಚಿದ ಬೇಸಿಗೆಯಿಂದ ನಮ್ಮ ಬಚ್ಚಲಲ್ಲಿ ಒಂದು ಬಕೆಟ್ಟು ಕಾಲಿಗೇ ಮೀಸಲಾಯಿತು. ಅಂಚು ಒಡೆದ ನೀಲಿ ಬಕೆಟ್ಟು. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಅದಕ್ಕೆ ನೀರು ಕಾಯಬೇಕು. ಕುದಿಸಿ ಆರಿಸಿದ ನೀರಲ್ಲಿ ಗಾಯ ತೊಳೆದು, ಒತ್ತಿ ಒರೆಸಿ, ಮುಲಾಮು ಹಚ್ಚಿ ಬಟ್ಟೆ ಸುತ್ತಿ, ನೆಲ ಒರೆಸಿ ಎದ್ದರೆ ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ಆಮೇಲೆ ತಿಂಡಿ.

ಅವರು ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾರೆ. ರಾಮಕೃಷ್ಣನಗರದ ನಮ್ಮ ಬೀದಿಯಿಂದಲೇ ಮೊದಲ ಮಗು ಹತ್ತುವುದು. ಬಲಗಾಲು ಅಂದರೆ ಬ್ರೇಕು. ಬೇರೆಯವರ ಮನೆಯಲ್ಲಿ ಕಾಲಿನ ಗಾಯ ಬರೀ ಕಾಲಿನ ಗಾಯ. ನಮ್ಮ ಮನೆಯಲ್ಲಿ ಅದು ಜೂನ್‌ನಲ್ಲಿ ಶಾಲೆ ತೆರೆದಾಗ ವ್ಯಾನು ಹೊರಡುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಹೊಳೆ ದಂಡೆಯ ಊರಲ್ಲಿ ಬೆಳೆದವರು ಅವರು. ಕಾವೇರಿಯಲ್ಲಿ ಸೊಂಟದ ತನಕ ಇಳಿದು ನಿಂತು ಗಾಳ ಹಾಕುವುದು ನಡಿಗೆಯ ಜೊತೆಗೇ ಕಲಿತ ವಿದ್ಯೆ. ನಮ್ಮ ಹೊಳೆಯಲ್ಲಿ ತಳವೆಲ್ಲ ಪಾಚಿ ಹಿಡಿದ ಕಲ್ಲು. ಅಲ್ಲಿ ಕಾಲು ಎಳೆದು ನಡೆದರೆ ಎಡವಿ ಬೀಳುತ್ತೀರಿ. ಕಾಲೆತ್ತಬೇಕು, ಬೆರಳಿಂದ ತಡಕಬೇಕು, ಜಾಗ ಸಿಕ್ಕಮೇಲೆ ಹಿಮ್ಮಡಿ ಊರಿ ಭಾರ ಬಿಡಬೇಕು. ನನ್ನ ಮಾವ ಹಾಗೆ ಕಲಿಸಿದ್ದರು, ಮಾವನಿಗೆ ಅವರ ಅಪ್ಪ. ಸಮುದ್ರದ ಅಳಿವೆಯಲ್ಲಿ ಈ ನಡಿಗೆಯೇ ಮುಳುವಾಗುತ್ತದೆಂದು ಹೊಳೆಯವರಿಗೆ ಹೇಗೆ ಗೊತ್ತಾಗಬೇಕು?

ಗೊತ್ತಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಆ ಬೇಸಿಗೆ ರಜೆಯಲ್ಲಿ ಅವರೂ ಅವರ ಗೆಳೆಯರೊಬ್ಬರೂ ಕರಾವಳಿಗೆ ಹೋಗಿದ್ದರು. ಗೆಳೆಯರು ಮಂಡಿ ಮೊಹಲ್ಲಾದ ಮೆಕ್ಯಾನಿಕ್ಕು, ನಮ್ಮ ವ್ಯಾನಿನ ರಿಪೇರಿಯೆಲ್ಲ ಅವರದೇ. ಇವರಿಬ್ಬರೂ ನೀರಿಗೆ ಇಳಿಯುವಾಗ ದಡದಲ್ಲಿ ಬಲೆ ಬಿಡಿಸುತ್ತಿದ್ದ ಯಾರೋ ಕೂಗಿ ಹೇಳಿದರಂತೆ: "ಕಾಲು ಎತ್ತಬೇಡಿ ಮಾರಾಯ್ರೆ, ಮರಳಲ್ಲಿ ಎಳ್ಕೊಂಡೇ ಹೋಗಿ. ತೊರಕೆ ಮಲಗಿರ್ತದೆ."

ತೊರಕೆ ಎಂದರೆ ತಟ್ಟೆಯ ಹಾಗೆ ಚಪ್ಪಟೆ ಮೀನು, ಚಾಟಿಯಂಥ ಬಾಲ, ಬಾಲದ ಮೇಲೆ ಗರಗಸದ ಹಲ್ಲಿನ ವಿಷದ ಮುಳ್ಳು. ಮೈಮೇಲೆ ಮರಳು ಹೊದ್ದು ಬಿದ್ದಿರುತ್ತದೆ. ಕಾಲು ಎಳೆಯುತ್ತಾ ಬಂದರೆ ಮರಳು ಅಲುಗುವುದು ತಿಳಿದು ತಾನಾಗಿ ಸರಿದು ಹೋಗುತ್ತದೆ. ಮೇಲಿಂದ ಪಾದ ಊರಿದರೆ ಬಾಲ ಬೀಸುತ್ತದೆ, ಅಷ್ಟೇ. ಇವರು ಸ್ವಲ್ಪ ಹೊತ್ತು ಹೇಳಿದಂತೆಯೇ ಎಳೆದುಕೊಂಡು ನಡೆದರಂತೆ. ಗಾಳಕ್ಕೆ ಮೀನು ಬಿತ್ತು, ದಾರ ಬಿಗಿಯಿತು, ಹಿಂದಕ್ಕೆ ಸರಿಯಬೇಕಾಯಿತು. ಆಗ ಪಾದ ಮಾವ ಕಲಿಸಿದ ಹಾಗೆ ಎದ್ದು, ಹಿಮ್ಮಡಿ ಊರಿ, ಭಾರ ಬಿಟ್ಟಿತು.

ಆಮೇಲೆ ಮಾಡಿದ್ದೆಲ್ಲ ಹೊಳೆಯೂರಿನ ಉಪಚಾರ. ಹಾವು ಕಚ್ಚಿದವರಿಗೆ ಕಟ್ಟುತ್ತಿದ್ದ ಹಾಗೆ ಮೊಣಕಾಲ ಕೆಳಗೆ ಟವೆಲು ಬಿಗಿದರು. ಮೀನಿಗೆಂದು ತಂದಿದ್ದ ಐಸು ಪಾದಕ್ಕೆ ಒತ್ತಿದರು. ನೋವು ತೊಡೆಯವರೆಗೆ ಏರಿತು. ಅಲ್ಲಿಯ ಆಸ್ಪತ್ರೆಗೆ ಹೋಗೋಣ ಎಂದರೆ ಇವರು ಹಟ ಹಿಡಿದು, ಏನೇ ಆಗಲಿ ಮೈಸೂರಿಗೇ ಅಂದರಂತೆ. ಘಟ್ಟ ಹತ್ತಿಸಿಕೊಂಡು ಗೆಳೆಯರೇ ಗಾಡಿ ಓಡಿಸಿ ಕರೆತಂದರು.

ಬಾಗಿಲು ತೆಗೆದರೆ ಒಂದು ಕೈ ಗೆಳೆಯರ ಹೆಗಲ ಮೇಲೆ, ಮುಖ ಬೂದಿ ಬಣ್ಣ.

"ಏನಾಯ್ತ್ರೀ?"

"ಏನಿಲ್ಲ ಕಣೇ. ಮುಳ್ಳು ತುಳ್ದೆ."

"ಮುಳ್ಳು ತುಳಿದ್ರೆ ಹಿಂಗಾಗ್ತಾರೇನ್ರೀ?"

"ಅಕ್ಕ, ಮುಳ್ಳಿನ ಜೊತೆ ಒಂದು ಮೀನೂ ಇತ್ತು," ಅಂದರು ಗೆಳೆಯರು. ನಗಿಸಬೇಕೆಂದು ಹೇಳಿದ್ದು. ಯಾರೂ ನಗಲಿಲ್ಲ, ಅವರೂ ಸೇರಿ.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಬೈದಿದ್ದು ಟವೆಲಿನ ಗುರುತು ನೋಡಿ. "ಯಾರ್ರೀ ಕಟ್ಟಿದ್ದು? ಇದಕ್ಕೆ ಕಟ್ಟಬಾರದು. ಐಸೂ ಅಲ್ಲ. ಬಿಸಿನೀರು ಕಣ್ರೀ! ಚುಚ್ಚಿದ ತಕ್ಷಣ ರಕ್ತ ಒತ್ತಿ ನಿಲ್ಲಿಸಿ, ತೊಳೆದು, ತಡೆಯುವಷ್ಟು ಬಿಸಿನೀರಲ್ಲಿ ಕಾಲಿಟ್ಟು ಕೂತು, ಹಾಗೇ ಹತ್ತಿರದ ಆಸ್ಪತ್ರೆಗೆ ಹೋಗ್ಬೇಕಿತ್ತು. ಶಾಖಕ್ಕೆ ಆ ನೋವು ಇಳಿಯತ್ತೆ." ಬಿಸಿ ಎಷ್ಟಿರಬೇಕು ಎಂದು ನಾನು ಕೇಳಿದೆ. ಮೊದಲು ನೋವಿಲ್ಲದ ಕಾಲಿಟ್ಟು ನೋಡಬೇಕು, ಗಾಯದ ಕಾಲಿಗೆ ಸುಟ್ಟಿದ್ದೂ ತಿಳಿಯುವುದಿಲ್ಲ ಎಂದರು. ಟಿಟಿ ಚುಚ್ಚಿದರು, ಗಾಯ ತೊಳೆದರು, ಮಾತ್ರೆ ಬರೆದರು. ಒಳಗೆ ಚೂರು ಉಳಿದಿರಬಹುದು, ಎಕ್ಸ್‌ರೇ ಮಾಡಿಸಿ ಎಂದೂ ಹೇಳಿದರು.

ಎಕ್ಸ್‌ರೇ ಅನ್ನುವುದನ್ನು ಇವರು ಕೇಳಿಸಿಕೊಳ್ಳಲೇ ಇಲ್ಲ. "ಚೂರು ಇದ್ರೆ ನಂಗೆ ಗೊತ್ತಾಗಲ್ವಾ? ಕಾಲು ಯಾರ್ದು?" ಅನ್ನುತ್ತಿದ್ದರು. ಗಾಯದ ಬಾಯಿ ಮೇಲಿಂದ ಮುಚ್ಚಿಕೊಳ್ಳುವುದು, ಒಳಗಿಂದ ಮತ್ತೆ ಒಡೆಯುವುದು. ನನಗೆ ಅದು ಮಾತಿಗಿಂತ ಮೊದಲು ಹಾಸಿಗೆಯಲ್ಲಿ ಗೊತ್ತಾಗುತ್ತಿತ್ತು. ದುಪ್ಪಟಿಯ ಕಾಲ ತುದಿಯಲ್ಲಿ ಹಳದಿ ಕಲೆ. ನಡೆಯುವಾಗ ಪಾದದ ಹೊರ ಅಂಚಿನ ಮೇಲೆ ಭಾರ. ಚಪ್ಪಲಿಯ ಒಂದು ಪಕ್ಕ ಮಾತ್ರ ಸವೆಯತೊಡಗಿತ್ತು. ಹೇಳಿದರೆ ಜಗಳ. ಹೇಳದೆ ಇದ್ದರೆ ನೀರು ಕಾಯಿಸುವುದು, ತೊಳೆಯುವುದು, ಕಟ್ಟುವುದು. ಜಗಳಕ್ಕಿಂತ ನೀರು ಕಾಯಿಸುವುದಕ್ಕೆ ಕಮ್ಮಿ ಶಕ್ತಿ ಸಾಕು, ಹಾಗಾಗಿ ಕಾಯಿಸುತ್ತಿದ್ದೆ.

ಪಕ್ಕದ ಮನೆಯವರು ಒಂದು ದಿನ ಕಾಂಪೌಂಡಿನಾಚೆಯಿಂದ, "ಬೆಟ್ಟಕ್ಕೆ ಹರಕೆ ಕಟ್ಕೊಳ್ಳಿ, ತಾಯಿ ವಾಸಿ ಮಾಡ್ತಾಳೆ" ಅಂದರು.

"ಕಟ್ಕೋತೀನಿ. ಆದ್ರೆ ಮೆಟ್ಲು ಹತ್ತಿ ತೀರ್ಸೋ ಕಾಲು ಬೇಕಲ್ಲ ಕಣ್ರೀ," ಅಂದೆ. ಆಮೇಲೆ ಯಾಕಂದೆನೋ ಅನ್ನಿಸಿತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಕೊನೆಗೆ ಎಕ್ಸ್‌ರೇಗೆ ಕರೆದೊಯ್ದದ್ದು ಗೆಳೆಯರು. ವ್ಯಾನಿನ ಆಯಿಲ್ ಬದಲಿಸಲು ಬಂದವರು ಪಾದ ನೋಡಿ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, "ಅಣ್ಣ, ಇಂಜಿನ್‌ನಲ್ಲಿ ಒಂದು ನಟ್ಟು ಬಿದ್ದಿದ್ರೆ ತೆಗೀದೆ ಬಾನೆಟ್ ಮುಚ್ತೀಯಾ? ಏಳು," ಅಂದರು. ಇವರು ಎದ್ದರು. ನಾನು ಅಷ್ಟು ವಾರ ಹೇಳಿದ್ದಕ್ಕೆ ಏಳದವರು. ಕೋಪ ಬರಬೇಕಿತ್ತು, ಬರಲಿಲ್ಲ. ಚಾರ್ಜಿಗಿಟ್ಟಿದ್ದ ಅವರ ಮೊಬೈಲು ತೆಗೆದು ಕೈಗೆ ಕೊಟ್ಟೆ.

ಚೂರು ಇತ್ತು. ಕುಯ್ದು ತೆಗೆದು, ಸ್ಟೀಲ್ ಬಟ್ಟಲಲ್ಲಿ ಹಾಕಿ ತೋರಿಸಿದರು. ಅಕ್ಕಿಯ ನುಚ್ಚಿನಷ್ಟು. ಇಷ್ಟಕ್ಕಾ ಅನ್ನಿಸಿತು. ಅಲ್ಲಿಂದ ಮುಂದೆ ಗಾಯ ಕೆಳಗಿಂದ ತುಂಬಿಕೊಂಡು ಬಂತು. ಆದರೆ ಮುಳ್ಳು ಹೊಕ್ಕಿದ್ದ ಪಾದದ ಮುಂಭಾಗ, ಹೆಬ್ಬೆರಳ ಬುಡ, ಮಂಕಾಗಿಬಿಟ್ಟಿತ್ತು. ನಾನು ಸೂಜಿಯಿಂದ ಮುಟ್ಟಿದರೆ "ಎಲ್ಲಿ ಮುಟ್ಟಿದೆ?" ಎಂದು ಕೇಳುತ್ತಿದ್ದರು. ನರ ಚೇತರಿಸಿಕೊಳ್ಳಬಹುದು, ಕಾಯಬೇಕು, ಯಾವಾಗ ಎಂದು ಹೇಳಲಾಗದು ಎಂದರು ಡಾಕ್ಟರಮ್ಮ.

ಶಾಲೆ ತೆರೆಯುವ ಹಿಂದಿನ ಭಾನುವಾರ ಬೆಳಿಗ್ಗೆ ಓಡಿಸಿ ನೋಡುವುದೆಂದು ತೀರ್ಮಾನವಾಯಿತು. ಇವರು ಸ್ಟೇರಿಂಗಿಗೆ, ಗೆಳೆಯರು ಪಕ್ಕಕ್ಕೆ, ನಾನು ಹಿಂದೆ ಮಕ್ಕಳು ಕೂರುವ ಸೀಟಿಗೆ. ಲೇಔಟಿನ ಕೊನೆಯ ಖಾಲಿ ರಸ್ತೆ. ಹೊರಟಿತು, ಗೇರು ಬದಲಾಯಿತು, ಎಲ್ಲ ಮೊದಲಿನ ಹಾಗೆಯೇ. ಅವರ ಕತ್ತಿನ ಹಿಂಭಾಗ ನೆಟ್ಟಗಾಗಿದ್ದು ನನಗೆ ಕಾಣುತ್ತಿತ್ತು. ಎಷ್ಟೋ ದಿನದ ಮೇಲೆ.

"ಆ ಹೊಂಗೆ ಮರದ ಹತ್ರ ನಿಲ್ಸು," ಅಂದರು ಗೆಳೆಯರು.

ವ್ಯಾನು ಮರ ದಾಟಿತು. ಆಮೇಲೆ ಒಮ್ಮೆಲೇ ಜಗ್ಗಿ ನಿಂತಿತು. ನನ್ನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು.

"ನಿಲ್ತಲ್ಲ," ಅಂದರು ಇವರು.

"ನಿಲ್ತು ಕಣಣ್ಣ. ನೀನು ನಿಲ್ಸ್ಬೇಕಾದ ಜಾಗದಲ್ಲಲ್ಲ."

ಮತ್ತೊಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು. ಒಂದು ಸಲ ಮರಕ್ಕೆ ಬಹಳ ಮೊದಲೇ ನಿಂತಿತು. ಎಷ್ಟು ಒತ್ತುತ್ತಿದ್ದೇನೆ ಅನ್ನುವುದೇ ಪಾದಕ್ಕೆ ತಿಳಿಯುತ್ತಿರಲಿಲ್ಲ. ಇಂಜಿನ್ ಆಫ್ ಮಾಡಿ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ನೀನೇನಂತೀಯೇ?"

ನಾನು ಹಣೆ ಉಜ್ಜಿಕೊಳ್ಳುತ್ತಿದ್ದೆ. "ಇಲ್ಲಿ ಪುಟ್ಟ ಮಕ್ಳು ಕೂರ್ತವೆ ರೀ," ಅಂದೆ. ಅವರು ಇಳಿದು, ಸುತ್ತು ಹಾಕಿ ಬಂದು, ನನ್ನ ಪಕ್ಕ ಕೂತರು. ಮನೆಗೆ ಗೆಳೆಯರು ಓಡಿಸಿದರು.

ಈ ವರ್ಷಕ್ಕೆ ಬೇರೆ ಡ್ರೈವರು. ಸಂಜೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಒಬ್ಬೊಬ್ಬ ಪೋಷಕರಿಗೂ ತಾವೇ ಫೋನು ಮಾಡಿ ತಿಳಿಸಿದರು. ನಾನು ಒಳಗೆ ಮುದ್ದೆ ತಿರುವುತ್ತಿದ್ದೆ, ಕೈ ಸೋತು ಬರುತ್ತಿತ್ತು. ಯಾರೋ ತಾಯಿ ಆ ಕಡೆಯಿಂದ ಮೀನು ಕಚ್ಚಿತಾ ಎಂದು ಕೇಳಿರಬೇಕು.

"ಕಚ್ಚಲಿಲ್ಲ ಮೇಡಂ. ಅದರ ಪಾಡಿಗೆ ಅದು ಮಲ್ಗಿತ್ತು, ನಾನೇ ತುಳಿದೆ," ಅಂದರು. ಆಮೇಲೆ, "ಪಾಪುಗೆ ಹೇಳಿ, ಹೊಸ ಅಂಕಲ್ಲೂ ಒಳ್ಳೆಯವರೇ," ಅಂದು ಫೋನಿಟ್ಟು, ಮುಂದಿನ ನಂಬರು ಒತ್ತಿದರು.